ಮನೆಯಲ್ಲಿ ಕೂತ ಯಜಮಾನರ ಕ್ಯಾಸೆಟ್ ಕಂಪನಿ

ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಹಣ್ಣು ಒಯ್ಯುವಂತಿಲ್ಲ, ಹೂವಂತೂ ಇಲ್ಲವೇ ಇಲ್ಲ. ಹಾಗಾಗಿ ಬಂದವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಆದರೆ ನಮ್ಮವರು ತೀರಿಕೊಂಡಾಗ ನಮ್ಮ ಮನೆಗೆ ಬರಿಗೈಯಲ್ಲಿ ಬಂದವರು ಕಡಿಮೆ. ಗಂಡಸರ ಕಂಕುಳಲ್ಲಿ ಒಂದು ಪೊಟ್ಟಣ, ಹೆಂಗಸರ ಸೆರಗಿನೊಳಗೆ ಒಂದು ಉಬ್ಬು. ಬಂದು, ಗೋಡೆಗೆ ಒರಗಿಸಿಟ್ಟ ಫೋಟೋ ನೋಡಿ, ಕಣ್ಣೊರೆಸಿಕೊಂಡು, ನನ್ನ ಪಕ್ಕ ಸ್ವಲ್ಪ ಹೊತ್ತು ಕೂತು, ಏಳುವಾಗ ಆ ಪೊಟ್ಟಣವನ್ನು ಸದ್ದಾಗದಂತೆ ಮಂಚದ ಕೆಳಗೆ ಸರಿಸಿ ಹೋಗುತ್ತಿದ್ದರು. ಅವು ನಮ್ಮವೇ ವಿಡಿಯೋ ಕ್ಯಾಸೆಟ್‌ಗಳು. ಬಾಡಿಗೆಗೆ ಒಯ್ದದ್ದನ್ನು ಇಂಥ ಹೊತ್ತಿನಲ್ಲಿ ನನ್ನ ಕೈಗೆ ಕೊಡಲು ಸಂಕೋಚ, ಇಟ್ಟುಕೊಂಡರೆ ಪಾಪ. ನಾನು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ಎಲ್ಲರೂ ‘ಪಾಪ, ಕುಸಿದು ಹೋಗಿದಾಳೆ’ ಅಂದರು. ಕುಸಿದದ್ದು ನಿಜ. ಆದರೆ ತಲೆ ತಗ್ಗಿಸಿದ್ದು ಮಂಚದ ಕೆಳಗೆ ಯಾವ ಸಿನಿಮಾ ಬಂತು, ಯಾವುದು ಇನ್ನೂ ಬರಬೇಕು ಎಂದು ನೋಡಲಿಕ್ಕೆ.

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳಿಲ್ಲ. ಇವರು ಠಾಣೆ ಪಟ್ಟಣದ ಬಟ್ಟೆ ಗಿರಣಿಯೊಂದರಲ್ಲಿ ಹಾಜರಿ ಗುಮಾಸ್ತರಾಗಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಮುಷ್ಕರ ಆಯಿತು, ಗಿರಣಿ ಬಾಗಿಲು ಹಾಕಿತು, ಮತ್ತೆ ತೆಗೆಯಲಿಲ್ಲ. ಕೆಲವು ತಿಂಗಳು ಮನೆಯಲ್ಲೇ ನನ್ನ ಹಿಟ್ಟು, ಬೇಳೆ, ಒಗ್ಗರಣೆಯ ಹಾಜರಿ ತೆಗೆದುಕೊಂಡು ಕಾಲ ಕಳೆದರು. ಆಮೇಲೊಂದು ದಿನ ಬೆಂಗಳೂರಿನಿಂದ ರಟ್ಟಿನ ಡಬ್ಬಿಯೊಂದು ಬಂತು. ಅದರ ತುಂಬ ಕನ್ನಡ ಸಿನಿಮಾದ ಕ್ಯಾಸೆಟ್‌ಗಳು. ಆಗ ಈ ಕಡೆ ಓಣಿಗೊಂದು ವಿಡಿಯೋ ಲೈಬ್ರರಿ ಇತ್ತು, ಇದ್ದದ್ದೆಲ್ಲ ಹಿಂದಿ. ಕಳವಾ ಊರಿನ ಕಾರ್ಖಾನೆಗಳಲ್ಲಿ, ಮುಂಬ್ರಾದ ಗುಡ್ಡದ ಬುಡದಲ್ಲಿ, ಠಾಕುರ್ಲಿಯ ಚಾಳುಗಳಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರಿನ ಜನ ವಾರವೆಲ್ಲ ಭಾರ ಹೊತ್ತು, ಭಾನುವಾರ ನಾಲ್ಕು ಜನ ಸೇರಿ ಟಿವಿ, ವಿಸಿಆರ್ ಬಾಡಿಗೆಗೆ ತಂದು, ತಮ್ಮ ಮಾತು ಕೇಳಲು ಕಾಯುತ್ತಿದ್ದರು. ಆ ಲೈಬ್ರರಿಗಳಿಗೆ ಕನ್ನಡ ಕ್ಯಾಸೆಟ್ ಹಂಚುವುದು ಇವರ ವ್ಯಾಪಾರ. ಓಣಿಯವರಿಗೆ ಮನೆಯಿಂದಲೇ. ಯಾರಾದರೂ ಅದನ್ನು ಅಂಗಡಿ ಎಂದರೆ ಇವರಿಗೆ ಸಿಟ್ಟು. ‘ಕಂಪನಿ ಅನ್ರಿ. ವಿತರಣಾ ಕಂಪನಿ!’ ಬೋರ್ಡನ್ನೂ ಬರೆಸಿದರು. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಹೊರಗೆ ತೂಗುಹಾಕಲು ಬಿಡಲಿಲ್ಲ. ಬರೆಸಿದ ಬೋರ್ಡು ದಂಡವಾಗಬಾರದೆಂದು ಒಳಗೆ, ಒಲೆಯ ಮೇಲಿನ ಗೋಡೆಗೆ ಹೊಡೆದರು. ಕಂಪನಿಯ ಹೆಸರು ಓದಿಕೊಂಡು ರೊಟ್ಟಿ ಬಡಿಯುವ ಭಾಗ್ಯ ನನ್ನೊಬ್ಬಳದಾಯಿತು.

ಮಳೆಗಾಲದಲ್ಲಿ ಇಲ್ಲಿಯ ಕಡಲ ಹಿನ್ನೀರಿನ ಉಪ್ಪುಗಾಳಿಗೆ ಟೇಪಿನ ಮೇಲೆ ಬೂಸು ಹಿಡಿಯುತ್ತದೆ. ಅದಕ್ಕೆ ಇವರು ನಮ್ಮ ಕಬ್ಬಿಣದ ಕಪಾಟಿನೊಳಗೆ ಒಂದು ಬಲ್ಬು ಹಾಕಿ, ಹಗಲೂ ರಾತ್ರಿ ಉರಿಸಿ, ಅದರ ಕಾವಿನಲ್ಲಿ ಕ್ಯಾಸೆಟ್‌ಗಳನ್ನು ಬಾಣಂತಿಯರ ಹಾಗೆ ಬೆಚ್ಚಗಿಟ್ಟರು. ಕಪಾಟಿನಲ್ಲಿದ್ದ ನನ್ನ ಮದುವೆಯ ಇಳಕಲ್ ಸೀರೆ ಪ್ಲಾಸ್ಟಿಕ್ ಚೀಲ ಸೇರಿತು. ಜಗಳ ಆಡಿದೆ. ‘ಸೀರಿಗೆ ಬೂಸು ಹಿಡದ್ರ ಒಗೀಬಹುದು. ಕ್ಯಾಸೆಟ್ ಒಗ್ಯಾಕ ಬರ್ತೈತೇನು?’ ಅಂದರು. ದಿನಾ ತೊಯ್ದು ಬರುತ್ತಾರೆಂದು ಒಂದು ರೇನ್‌ಕೋಟ್ ಕೊಡಿಸಿದೆ. ಅದನ್ನು ಕ್ಯಾಸೆಟ್ಟಿನ ಚೀಲಕ್ಕೆ ತೊಡಿಸಿ, ಗುಂಡಿ ಹಾಕಿ, ಟೊಪ್ಪಿಗೆ ಎಳೆದು, ತಾವು ಹಾಗೇ ನಡೆದರು. ಕಿಟಕಿಯಿಂದ ನೋಡಿದರೆ ತೊಯ್ದ ಗಂಡಸೊಬ್ಬ ಸಣ್ಣ ಹುಡುಗನನ್ನು ಎತ್ತಿಕೊಂಡು ಬರುತ್ತಿರುವಂತೆ ಕಾಣುತ್ತಿತ್ತು. ಒಂದು ಶ್ರಾವಣದಲ್ಲಿ ಕೆಮ್ಮು ಬಂತು. ಎದೆಗಿಳಿಯಿತು. ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ. ಅಷ್ಟು ಮಳೆಯಲ್ಲೂ ಕ್ಯಾಸೆಟ್ ಮಾತ್ರ ಒಂದೂ ಕೆಟ್ಟಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಇವರ ಅಣ್ಣ, ನಮ್ಮ ಭಾವನವರು, ಗಂಟಲು ಸರಿಮಾಡಿಕೊಂಡರು. ‘ಇಲ್ಲಿ ಒಬ್ಬಾಕಿ ಏನ್ ಮಾಡ್ತಿ? ಈ ಡಬ್ಬಿಗೋಳನ್ನ ಯಾರಿಗರೆ ಕೊಟ್ಟು ಬಿಜಾಪುರಕ್ಕ ನಡಿ. ಮನಿ ದೊಡ್ಡದೈತಿ. ನಿನ್ನ ಪಾಡಿಗೆ ನೀ ಒಂದು ಮೂಲ್ಯಾಗ ಇರು.’ ಆ ಮೂಲೆ ನನಗೆ ಗೊತ್ತಿತ್ತು. ಅಲ್ಲಿ ಆಗಲೇ ಇವರ ಸೋದರತ್ತೆ ಕೂತಿದ್ದರು. ಗಂಡ ಸತ್ತಂದಿನಿಂದ ಯಾರ ಮದುವೆಯಲ್ಲೂ ಮುಂದೆ ಬರದೆ, ಕಾಳು ಆರಿಸುತ್ತ ಆರಿಸುತ್ತ ಬೆನ್ನು ಬಿಲ್ಲಾಗಿತ್ತು. ‘ಆ ಮೂಲ್ಯಾಗ ಇಬ್ಬರು ಹಿಡಸೂದಿಲ್ರಿ. ನಾ ಕಂಪನಿ ನಡಸ್ತೀನಿ’ ಅಂದೆ. ಭಾವನವರು ಮಂಚದ ಕೆಳಗೆ ನೋಡಿ, ನನ್ನನ್ನು ನೋಡಿ, ‘ಕಂಪನಿ!’ ಎಂದಷ್ಟೇ ಹೇಳಿ ರೈಲು ಹತ್ತಿದರು.

ನಡೆಸುವುದು ಹೇಗೆ ಎನ್ನುವುದು ಮಾತ್ರ ತಿಳಿದಿರಲಿಲ್ಲ. ಮಾಲೆಲ್ಲ ಮನೆಯಲ್ಲಿದ್ದರೆ ಕಂಪನಿ ಮುಚ್ಚಿತು ಎಂದೇ ಲೆಕ್ಕ, ಎಂದು ಇವರು ಹೇಳುತ್ತಿದ್ದರು. ಈಗ ಮಾಲೆಲ್ಲ ಮನೆಯಲ್ಲೇ ಇತ್ತು. ಸಾವಿನ ಮನೆಯಿಂದ ಯಾರೂ ಏನೂ ಒಯ್ಯುವುದಿಲ್ಲವಲ್ಲ. ಮೇಲಿನ ಮನೆಯ ಗಿರಿಜಕ್ಕ ಉಡುಪಿಯ ಕಡೆಯವರು, ಮಾತು ನೇರ. ನಾನು ಚೀಲ ಹಿಡಿದು ಹೊರಟದ್ದನ್ನು ನೋಡಿ ಮೆಟ್ಟಿಲಲ್ಲೇ ತಡೆದರು. ‘ಹೀಗೆ ಬರೀ ಹಣೆಯಲ್ಲಿ ಹೋದರೆ ಯಾರು ಕ್ಯಾಸೆಟ್ ತಗೊಳ್ತಾರೆ ಮಾರಾಯ್ತಿ? ಹೊಸ ಪಿಚ್ಚರಿಗೆ ಅಪಶಕುನ ಅಂತಾರೆ. ದುಃಖ ಒಳಗೆ ಇರಲಿ, ಟಿಕ್ಲಿ ಹೊರಗೆ ಇರಲಿ!’ ಎಂದು ತಮ್ಮ ಹಣೆಯದನ್ನೇ ಕಿತ್ತು ನನ್ನ ಹಣೆಗೆ ಒತ್ತಿದರು. ಲೈಬ್ರರಿಯವರಿಗೆಲ್ಲ ವಿಷಯ ಗೊತ್ತಿತ್ತು. ಆದರೂ ಹಣೆ ನೋಡಿ ನಿರಾಳವಾಗಿ ಕ್ಯಾಸೆಟ್ ತೆಗೆದುಕೊಂಡರು. ಗಂಡ ಸತ್ತದ್ದು ಗೊತ್ತಿದ್ದರೆ ಅಡ್ಡಿಯಿಲ್ಲ, ಕಾಣಬಾರದು, ಅಷ್ಟೇ.

ಇವರು ಒಂದೊಂದು ಸ್ಟೇಷನ್ನಿನಲ್ಲಿ ಇಳಿದು ಅಂಗಡಿಗೆ ಹೋಗಿ ಕೊಟ್ಟು ಬರುತ್ತಿದ್ದರು. ಅಷ್ಟು ಹತ್ತಿ ಇಳಿಯುವುದು ನನ್ನಿಂದಾಗದು. ಲೈಬ್ರರಿಯವರೇ ಪ್ಲಾಟ್‌ಫಾರ್ಮಿಗೆ ಬನ್ನಿ ಅಂದೆ. ಠಾಣೆಗೆ ಬೆಂಗಳೂರು ಬಸ್ಸಿನಲ್ಲಿ ಬರುವ ಪಾರ್ಸೆಲ್ ಬಿಡಿಸಿಕೊಂಡು ಸಂಜೆಯ ಲೋಕಲ್ ಹತ್ತಿ, ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತುಬಿಡುವುದು. ಕಳವಾ ಸ್ಟೇಷನ್ನಿನಲ್ಲಿ ಒಂದು ಚೀಲ, ಮುಂಬ್ರಾದಲ್ಲಿ ಒಂದು. ಗಾಡಿ ನಿಂತಷ್ಟರಲ್ಲಿ ಹೊಸದು ಕೊಟ್ಟು ಹಳೆಯದು ಇಸಿದುಕೊಳ್ಳುವುದು. ಆ ಡಬ್ಬಿಯಲ್ಲಿ ಆಫೀಸು ಮುಗಿಸಿದ ಹೆಂಗಸರು ರಾತ್ರಿಯ ಪಲ್ಯಕ್ಕೆ ಸೊಪ್ಪು ಬಿಡಿಸುತ್ತ ಬರುತ್ತಾರೆ. ಒಂದು ಸಂಜೆ ಮುಂಬ್ರಾದಲ್ಲಿ ಗಡಿಬಿಡಿಯಿಂದ ಚೀಲ ಚಾಚಿದೆ. ಗಾಡಿ ಬಿಟ್ಟಿತು. ಪಕ್ಕದಲ್ಲಿ ನಿಂತಿದ್ದ ಜೋಶಿ ಬಾಯಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಮ್ಮ ಚೀಲಕ್ಕೆ ಕೈ ಹಾಕಿ ಒಂದು ಕ್ಯಾಸೆಟ್ ಹೊರಗೆಳೆದರು. ‘ಅಗಬಾಯಿ! ನನ್ನ ಮೇಥಿ ಎಲ್ಲಿ?’ ಅವರು ಠಾಣೆಯ ತನಕ ಎಲೆ ಎಲೆಯಾಗಿ ಬಿಡಿಸಿದ ಮೆಂತ್ಯದ ಸೊಪ್ಪು ಆಗಲೇ ಮುಂಬ್ರಾದ ವಿಡಿಯೋ ಲೈಬ್ರರಿ ಸೇರಿತ್ತು. ಮರುದಿನ ಆ ಲೈಬ್ರರಿಯಾತ ಖಾಲಿ ಚೀಲ ಹಿಡಿದು ಗಂಭೀರವಾಗಿ ನಿಂತಿದ್ದ. ‘ಭಾಭೀ, ಕಲ್ ಕಾ ಪಿಕ್ಚರ್ ಘರ್ ಮೇ ಸಬ್‌ಕೋ ಪಸಂದ್ ಆಯಾ. ರೋಟಿ ಕೇ ಸಾಥ್ ದೇಖಾ.’ ನಿನ್ನೆಯ ಪಿಕ್ಚರ್ ಮನೆಯವರಿಗೆಲ್ಲ ಹಿಡಿಸಿತಂತೆ, ರೊಟ್ಟಿಯ ಜೊತೆ ನೋಡಿದರಂತೆ.

ಡಬ್ಬಿ ತುಂಬ ನಗು. ಇವರು ಹೋದ ಮೇಲೆ ನನ್ನ ಬಾಯಿಂದಲೂ ಮೊದಲ ಸಲ ನಗು ಬಂತು. ಬಂದದ್ದಕ್ಕೆ ನಾಚಿಕೆಯಾಗಿ ಸೆರಗು ಅಡ್ಡ ಹಿಡಿದೆ. ಆಗ ಜೋಶಿ ಬಾಯಿ ಕೇಳಿದರು: ‘ವಹಿನಿ, ಇಷ್ಟು ಭಾರ ನೀವ್ಯಾಕೆ ಹೊರ್ತೀರಿ? ತುಮಚೆ ಮಿಸ್ಟರ್ ಕಾಯ್ ಕರ್ತಾತ್? ಏನು ಕೆಲಸ ಅವರಿಗೆ?’ ನಿಜ ಹೇಳಲೆಂದೇ ಬಾಯಿ ತೆರೆದೆ. ಆ ದಣಿದ ಮುಖಗಳಲ್ಲಿ ನಗು ಇನ್ನೂ ಇತ್ತು. ಹೇಳಿದರೆ ಎಲ್ಲರ ಕೈಯೂ ಸೊಪ್ಪಿನ ಮೇಲೆ ಹಾಗೇ ನಿಲ್ಲುತ್ತದೆ. ‘ಏನು ಕೆಲಸ! ಮನೆಯಲ್ಲಿ ಕೂತಿದ್ದಾರೆ’ ಅಂದುಬಿಟ್ಟೆ.

‘ನಮ್ಮವರೂ ಅಷ್ಟೇ’ ಎಂದು ಒಬ್ಬಳು. ‘ಕೂತರೂ ಪರವಾಗಿಲ್ಲ, ಕೂತು ಸಲಹೆ ಕೊಡ್ತಾರಲ್ಲ’ ಎಂದು ಇನ್ನೊಬ್ಬಳು. ನನಗೆ ಜಾಗ ಸಿಕ್ಕಿತು, ಡಬ್ಬಿಯಲ್ಲೂ, ಮಾತಿನಲ್ಲೂ. ಅಂದಿನಿಂದ ದಿನಾ ಡೊಂಬಿವಲಿಯ ತನಕ ನಮ್ಮವರನ್ನು ಬೈದೆ. ನೀರು ತುಂಬಿಸುವುದಿಲ್ಲ, ಎರಡೆರಡು ಸಲ ಚಹಾ ಕೇಳುತ್ತಾರೆ, ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಾರೆ. ಬದುಕಿದ್ದಾಗ ಒಂದು ಲೋಟ ಎತ್ತಿಡಲು ಹೇಳಿಸಿಕೊಳ್ಳದ ಮನುಷ್ಯ ಆ ಡಬ್ಬಿಯಲ್ಲಿ ವರ್ಷದಿಂದ ವರ್ಷಕ್ಕೆ ಕೆಟ್ಟು ಹೋದರು. ಅವರಿಗೆ ವಯಸ್ಸೂ ಆಗುತ್ತಿತ್ತು. ಕನ್ನಡಕ ಬಂತು, ಮಂಡಿನೋವು ಬಂತು. ಜೋಶಿ ಬಾಯಿ ಅವರ ಮಂಡಿಗೆಂದು ಕೊಂಕಣದಿಂದ ಎಣ್ಣೆ ತರಿಸಿಕೊಟ್ಟರು. ಮನೆಗೆ ತಂದು ನನ್ನ ಮಂಡಿಗೆ ಹಚ್ಚಿಕೊಂಡೆ. ‘ಗುಣ ಕಾಣ್ತಾ?’ ಎಂದು ಕೇಳಿದರೆ, ‘ಗುಣ ಕಂಡಿದೆ, ಆದರೂ ಏಳೋದಿಲ್ಲ’ ಅಂದೆ.

ಆ ಕೆಲವು ವರ್ಷ ಕಂಪನಿ ಇವರ ಕಾಲಕ್ಕಿಂತ ಚೆನ್ನಾಗಿಯೇ ನಡೆಯಿತು. ವಾಶಿಯಿಂದಲೂ ಒಬ್ಬ ಬಸ್ಸು ಹತ್ತಿ ಠಾಣೆಗೆ ಬಂದು ಕ್ಯಾಸೆಟ್ ಒಯ್ಯುತ್ತಿದ್ದ. ದಶಕ ಮುಗಿಯುವ ಹೊತ್ತಿಗೆ ಕೇಬಲ್ ಬಂತು. ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದು, ಒಬ್ಬ ಎಲ್ಲೋ ಕೂತು ಒಂದು ಕ್ಯಾಸೆಟ್ ಹಾಕಿದರೆ ಇಡೀ ಓಣಿ ನೋಡುತ್ತದೆ. ಕಳವಾ ಊರಿನ ಲೈಬ್ರರಿ ಝೆರಾಕ್ಸ್ ಅಂಗಡಿಯಾಯಿತು, ಮುಂಬ್ರಾದ್ದು ಕೋಳಿ ಅಂಗಡಿ. ಪ್ಲಾಟ್‌ಫಾರ್ಮಿನಲ್ಲಿ ಕಾಯುವವರು ಒಬ್ಬೊಬ್ಬರಾಗಿ ಇಲ್ಲವಾದರು. ಕೊನೆಗೆ ಕಲ್ಯಾಣದ ಕೇಬಲಿನವನೇ ಬಂದು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಸಿಕೊಂಡ. ‘ಇದರ ಮೇಲೆ ಹಿಂದಿ ತುಂಬ್ತೀನಿ ಕಾಕಿ. ಟೇಪ್ ಒಳ್ಳೆ ಹಾಲತ್‌ನಲ್ಲಿದೆ, ಬಹಳ ಜೋಪಾನ ಮಾಡಿದೀರಿ’ ಅಂದ. ನನಗೆ ಅಷ್ಟರಲ್ಲಿ ಹತ್ತಿರದ ಬಾಲವಾಡಿಯಲ್ಲಿ ಕೆಲಸ ಸಿಕ್ಕಿತ್ತು, ಬಿಜಾಪುರದ ಮೂಲೆ ತಪ್ಪಿತು. ಆದರೆ ಲೋಕಲ್ ಹತ್ತುವ ಕಾರಣ ಉಳಿಯಲಿಲ್ಲ.

ಠಾಣೆಯ ಬಸ್ಸಿನವರಿಗೆ ಇನ್ನು ಪಾರ್ಸೆಲ್ ಬೇಡವೆಂದು ಹೇಳಿ, ಖಾಲಿ ಕೈಯಲ್ಲಿ ಕೊನೆಯ ಸಲ ಆ ಡಬ್ಬಿ ಹತ್ತಿದೆ. ಕಂಪನಿ ಮುಚ್ಚಿತು, ನಾಳೆಯಿಂದ ಬರುವುದಿಲ್ಲ ಅಂದೆ. ಸತ್ಯವೆಲ್ಲ ಈಗಲೇ ಹೇಳಿ ಮುಗಿಸೋಣ ಎಂದುಕೊಂಡೇ ಹತ್ತಿದ್ದೆ. ಜೋಶಿ ಬಾಯಿ ಬಿಡಲಿಲ್ಲ. ಸೊಪ್ಪು ಬದಿಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ‘ಒಳ್ಳೆಯದೇ ಆಯ್ತು ವಹಿನಿ. ಈಗಲಾದರೂ ನಿಮ್ಮ ಮಿಸ್ಟರಿಗೆ ಹೇಳಿ. ಇಷ್ಟು ವರ್ಷ ನಾನು ಹೊತ್ತೆ, ಇನ್ನು ನೀವು ಎದ್ದು ಹೊರಗೆ ಹೋಗಿ ದುಡಿಯಿರಿ ಅನ್ನಿ. ಹೆದರಬೇಡಿ. ಇವತ್ತೇ ಹೇಳಿ.’ ‘ಇವತ್ತೇ!’ ಎಂದಿತು ಇಡೀ ಡಬ್ಬಿ. ‘ಹೇಳ್ತೀನಿ’ ಎಂದು ಮಾತು ಕೊಟ್ಟು ಡೊಂಬಿವಲಿಯಲ್ಲಿ ಇಳಿದೆ.

ಸೇತುವೆ ದಾಟುವಾಗ ಹೇಗೆ ಶುರು ಮಾಡಬೇಕೆಂದು ಯೋಚಿಸಿದೆ. ಮಾರ್ಕೆಟ್ಟಿನ ಹತ್ತಿರ ಬರುವಷ್ಟರಲ್ಲಿ ಮಾತು ಕೂಡಿ ಬಂದಿತ್ತು. ಮನೆಯ ಮೆಟ್ಟಿಲು ಹತ್ತುವಾಗ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇವತ್ತು ಬಿಡುವುದೇ ಇಲ್ಲ ಎಂದುಕೊಂಡು ಬೀಗ ತೆಗೆದೆ. ಕಂಪನಿ ಮುಚ್ಚಿದಂಥ ದಿನ ಕೂಡ ಈ ಮನುಷ್ಯ ಮನೆಯಲ್ಲಿಲ್ಲ.