ಕಾಕಾನ ಪ್ರಸಂಗ, ಕಾಕುವಿನ ತರ್ಜುಮೆ

ನಮ್ಮ ಕಾಕಾ ಚರ್ಚಿನಲ್ಲಿ ಪ್ರಸಂಗ ಮಾಡಲು ನಿಂತರೆ ಸತ್ತವರು ಎದ್ದು ಕೂರುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ, ಬದುಕಿದ್ದವರಂತೂ ಖಂಡಿತ ಮಲಗುತ್ತಿದ್ದರು! ಇದು ಹೊಟ್ಟೆಕಿಚ್ಚಿನ ಮಾತಲ್ಲ. ರಾಯಬಾಗದ ಕಡೆಯ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆಂದು ನಿಪ್ಪಾಣಿಗೆ ಬಂದು, ಕಾಕಾನ ಮನೆಯಲ್ಲೇ ಉಂಡು, ಪ್ರತಿ ಭಾನುವಾರ ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಕಣ್ಣಾರೆ ಕಂಡದ್ದು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ವಾರವಿಡೀ ತಂಬಾಕಿನ ವಖಾರಿಯಲ್ಲಿ ಕಾರಕೂನ, ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯ ಪ್ರಸಂಗಿ. ಪಾಸ್ಟರರಿಗೆ ಚಿಕ್ಕೋಡಿ ತಾಲೂಕಿನ ತುಂಬ ಊರುಗಳಿದ್ದವು, ನಮ್ಮ ಪಾಲಿಗೆ ಅವರು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳೆಲ್ಲ ಕಾಕಾನವು. ಆರು ದಿನ ತಂಬಾಕು ತೂಗಿಸಿ ಏಳನೆಯ ದಿನ ದುಶ್ಚಟಗಳ ಮೇಲೆ ಮಾತಾಡಲು ಎಂಥ ಗುಂಡಿಗೆ ಬೇಕು, ಯೋಚಿಸಿ! ವಖಾರಿಯಲ್ಲೇ ಕೂತು ಬರೆಯುತ್ತಿದ್ದುದರಿಂದ ಪ್ರಸಂಗದ ಹಾಳೆಗಳಿಗೆಲ್ಲ ತಂಬಾಕಿನ ಪುಡಿ ಅಂಟಿರುತ್ತಿತ್ತು. ಕಾಕಾ ಪುಟ ಮಗುಚಿದರೆ ಸಾಕು, ಮುಂದಿನ ಸಾಲಿನ ಹಿರಿಯರು ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದರು. ಅವರು ಎಚ್ಚರಾಗುವುದಕ್ಕೆ ಇದ್ದದ್ದು ಅದೊಂದೇ ದಾರಿ.

ಕಾಕಾನಿಗೆ ಮಾತಿಗಿಂತ ಬರವಣಿಗೆ ದೊಡ್ಡದು. "ಬರದಿದ್ದನ್ನ ಬಿಟ್ಟು ಒಂದ ಶಬ್ದ ಹೆಚ್ಚಿಗಿ ಆಡಿದ್ರೂ ಅದು ದೇವರ ಮುಂದ ಉಡಾಫಿ ಆಗ್ತೈತಿ" ಎನ್ನುತ್ತಿದ್ದರು. ಸೋಮವಾರ ಶುರು. ಬುಧವಾರಕ್ಕೆ ಒಂದು ಪ್ರಸಂಗ ತಯಾರು. ಗುರುವಾರ ಅದನ್ನು ಹರಿದು ಹಾಕಿ ಹೊಸದು. ಹರಿದದ್ದು ಬಚ್ಚಲ ಒಲೆಗೆ. ವಾರದ ಮಧ್ಯೆ ನಮ್ಮ ಸ್ನಾನದ ನೀರು ಕಾಯುತ್ತಿದ್ದುದೇ ಪಶ್ಚಾತ್ತಾಪದ ಮೇಲಿನ ಪ್ರಸಂಗಗಳಿಂದ.

ಇಷ್ಟಕ್ಕೇ ಮುಗಿದಿದ್ದರೆ ನಾವೂ ಬದುಕಿಕೊಳ್ಳುತ್ತಿದ್ದೆವು. ಊರವರ ಪ್ರಾರ್ಥನೆಯನ್ನೂ ತಿದ್ದಬೇಕೇ ಈ ಮನುಷ್ಯ? ಒಮ್ಮೆ ಊಟಕ್ಕೆ ಮೊದಲು ನಾನು ಕಣ್ಣು ಮುಚ್ಚಿ, "ಈ ಹೇರಳವಾದ ಆಹಾರಕ್ಕಾಗಿ ಸ್ತೋತ್ರ" ಎಂದೆ.

"ಕಣ್ಣ ತಗಿ" ಎಂದರು ಕಾಕಾ. "ತಾಟಿನ್ಯಾಗ ಏನೈತಿ?"

"ರೊಟ್ಟಿ, ಝುಣಕಾ."

"ಮತ್ತ 'ಹೇರಳ' ಎಲ್ಲಿಂದ ಬಂತು? ದೇವರಿಗೆ ಕಣ್ಣಿಲ್ಲ ಅಂತ ತಿಳಿದಿಯೇನ? ರೊಟ್ಟಿಗೆ ಸ್ತೋತ್ರ, ಝುಣಕಾಕ ಸ್ತೋತ್ರ ಅನ್ನು. ಮುಗೀತು."

ಪ್ರಾರ್ಥನೆ ಸರಿಯಾಗುವಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು.

ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇತ್ತು. ದೇವರು ತನಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಏಕಸಂಬಿಯ ಕಡೆಯ ಒಬ್ಬ ಮುದುಕಿ ಕಳೆದುಹೋದ ತನ್ನ ಎಮ್ಮೆ ಸಿಕ್ಕಿತೆಂದು ಸ್ತೋತ್ರ ಹೇಳಲು ಎದ್ದಳು. ಎಮ್ಮೆಯ ಹೆಸರೆತ್ತುವ ಮೊದಲೇ ಅಳು. ಕಾಕಾ ಕೂತಲ್ಲಿಂದಲೇ, "ಅವ್ವಾ, ಮೊದಲ ಎಮ್ಮಿ ಬರಲಿ, ಆಮ್ಯಾಲ ಕಣ್ಣೀರು ಬರಲಿ. ನೀ ಎಮ್ಮಿ ಸಿಕ್ಕಿಂದ ಅತ್ತಿಯೋ, ಸಿಗೂಕಿಂತ ಮೊದ್ಲ ಅತ್ತಿಯೋ?" ಎಂದರು. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಮ್ಮಿ ಎಮ್ಮಿ ಕಳದ್ರ ನಾ ಯಾರಿಗೂ ಹೇಳಂಗಿಲ್ಲ ಬಿಡ್ರಿ" ಎಂದು ಕೂತುಬಿಟ್ಟಳು.

ಉಪದೇಶವೆಲ್ಲ ಬೇರೆಯವರಿಗೆ. ತಾವು ಬರೆಯುವಾಗ ಮಾತ್ರ ಪಾಪದ ಕಗ್ಗತ್ತಲೆ, ಪಶ್ಚಾತ್ತಾಪದ ಕಡಲು, ಕೃಪೆಯ ಹೆಬ್ಬಾಗಿಲು, ಎಲ್ಲವೂ ಒಂದೇ ವಾಕ್ಯದಲ್ಲಿ. ಶುರುವಾದ ವಾಕ್ಯ ಎಲ್ಲಿ ಮುಗಿಯುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಅದನ್ನಾದರೂ ತಲೆ ಎತ್ತಿ ಓದಬಾರದೇ? ಕನ್ನಡಕ ಹಾಳೆಗೆ ತಾಗುವಷ್ಟು ಬಗ್ಗಿ, ಹಾಳೆಗೇ ಪ್ರಸಂಗ ಮಾಡುತ್ತಿದ್ದರು. ಪೀಠದ ಮೇಲೆ ಅಷ್ಟು ವರ್ಷ ನಿಂತರೂ ಕೇಳುವವರ ಮುಖ ನೋಡಿದವರಲ್ಲ.

ಆದರೂ ಸಭೆಗೆ ಜನ ಬರುತ್ತಿದ್ದರು, ಕಾಕುವಿಗಾಗಿ.

ನಮ್ಮದು ಗಡಿಯ ಸಭೆ. ಅರ್ಧ ಜನರ ಮನೆಯಲ್ಲಿ ಕನ್ನಡ, ಅರ್ಧ ಜನರ ಮನೆಯಲ್ಲಿ ಮರಾಠಿ. ಎರಡೂ ಎಲ್ಲರಿಗೂ ಬರುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯ ರೇಟನ್ನು ಒಂದರಲ್ಲಿ ಕೇಳಿ ಚೌಕಾಶಿಯನ್ನು ಇನ್ನೊಂದರಲ್ಲಿ ಮಾಡುವ ಜನ. ಆದರೆ ಅದು ಗಡಿ ಗಲಾಟೆಯಲ್ಲಿ ಬಸ್ಸಿನ ಬೋರ್ಡಿಗೆ ಡಾಂಬರು ಬಳಿಯುತ್ತಿದ್ದ ಎಂಬತ್ತರ ದಶಕ. ದೇವರು ಒಂದೇ ಭಾಷೆಯಲ್ಲಿ ಮಾತಾಡಿದರೆ ಉಳಿದರ್ಧ ಜನ ಮುಖ ಗಂಟಿಕ್ಕಿಕೊಂಡು ಎದ್ದುಹೋಗುತ್ತಿದ್ದರು! ಅದಕ್ಕೇ ಪ್ರಸಂಗಿ ಕನ್ನಡದಲ್ಲಿ ಒಂದು ಮಾತು ಹೇಳಿ ನಿಲ್ಲಬೇಕು, ಪಕ್ಕದಲ್ಲಿ ಇನ್ನೊಬ್ಬರು ಅದನ್ನು ಮರಾಠಿಯಲ್ಲಿ ಹೇಳಬೇಕು. ಎಲ್ಲರಿಗೂ ತಿಳಿದ ಮಾತನ್ನು ಎಲ್ಲರೂ ಎರಡು ಸಲ ಕೇಳಬೇಕು.

ಆ ಕೆಲಸ ಕಾಕುವಿನದು. ಕಾಕಾನ ಹೆಂಡತಿ, ಗಡಹಿಂಗ್ಲಜ ಕಡೆಯ ಮರಾಠಿ ಹೆಣ್ಣುಮಗಳು. ಹೆಂಗಸರು ಪೀಠ ಹತ್ತುವಂತಿರಲಿಲ್ಲ. ತರ್ಜುಮೆಗೆ ಗಂಡಸರು ಯಾರೂ ಒಪ್ಪದಿದ್ದರಿಂದ ಪೀಠದ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಬಹುದು ಎಂದು ಹಿರಿಯರು ದೊಡ್ಡ ಮನಸ್ಸು ಮಾಡಿದ್ದರು. ಎಂಥ ದೊಡ್ಡ ಮನಸ್ಸು! ಆ ಮೆಟ್ಟಿಲೇ ಕಾಕುವಿನ ಜೀವ. ಉಳಿದ ದಿನಗಳಲ್ಲಿ ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಕಾಕಾ ಬರೆಯುತ್ತಿದ್ದರೆ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು. ಭಾನುವಾರ ಮಾತ್ರ ಅವಳು ಬಾಯಿ ತೆರೆದರೆ ಇಡೀ ಸಭೆ ಕಿವಿಗೊಡುತ್ತಿತ್ತು. ಶನಿವಾರವೇ ತಲೆಗೆ ಎರೆದುಕೊಂಡು, ಸೀರೆಗೆ ಇಸ್ತ್ರಿ ಮಾಡಿಟ್ಟು, ಮಾರನೆಯ ಬೆಳಗಿಗೆ ಕಾಯುತ್ತಿದ್ದಳು.

ಅವಳ ತರ್ಜುಮೆಯನ್ನು ನೀವು ಕೇಳಬೇಕಿತ್ತು. ತಂದೆಯ ಮನೆ ಬಿಟ್ಟು ಪಾಪದ ಕಗ್ಗತ್ತಲೆಯಲ್ಲಿ ಅಲೆದ ಆತ್ಮವು ಪಶ್ಚಾತ್ತಾಪದ ಕಡಲಲ್ಲಿ ಮಿಂದು ಕೃಪೆಯ ಹೆಬ್ಬಾಗಿಲನ್ನು ಹೇಗೆ ತಟ್ಟಬೇಕೆಂದು ಕಾಕಾ ಉಸಿರುಗಟ್ಟಿ ಓದಿ ನಿಲ್ಲುತ್ತಿದ್ದರು. ಕಾಕು ಜನರ ಕಡೆ ತಿರುಗಿ, "ಚುಕಲಾಸ? ಮಗ ಘರೀ ಯೇ" ಎನ್ನುತ್ತಿದ್ದಳು. ತಪ್ಪಿದೆಯಾ? ಹಾಗಾದರೆ ಮನೆಗೆ ಬಾ. ಅಷ್ಟೇ! ಮಲಗಿದ್ದವರು ಎದ್ದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಜಗಳ.

"ಆ ಮಾತಿಗೆ ನಾ ಸೋಮವಾರದಿಂದ ಕುಂತೀನಿ. ನೀ ಉಸರ ತಗೊಳ್ಳೂದ್ರಾಗ ಮುಗಿಸಿದಿ!"

"ಮಂದಿಗೆ ಮನಿಗಿ ಹೋಗಿ ರೊಟ್ಟಿ ಮಾಡೂದಿರತೈತ್ರಿ."

"ಪಶ್ಚಾತ್ತಾಪದ ಕಡಲ ಎಲ್ಲಿ ಹೋತು?"

"ನಿಪ್ಪಾಣ್ಯಾಗ ಕಡಲ ಎಲ್ಲೈತ್ರಿ?"

ನಾನು ನಗುತ್ತಾ ಹಿಂದೆ ನಡೆಯುತ್ತಿದ್ದೆ. ಆದರೆ ಚೆಂದ ಹೇಳಿದಿ ಎಂದು ಕಾಕಾ ಒಮ್ಮೆಯಾದರೂ ಅನ್ನುತ್ತಾರೇನೋ ಎಂದು ಕಾಕು ಮನೆ ಬಾಗಿಲತನಕ ಅವರ ಮುಖ ನೋಡುತ್ತಿದ್ದಳು. ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಹೀಗಿರುವಾಗ ದ್ರಾಕ್ಷಿ ಬಳ್ಳಿಯ ಭಾನುವಾರ ಬಂತು. ಕಾಯಿ ಬಿಡದ ಕೊಂಬೆಗಳನ್ನು ದೇವರು ಕತ್ತರಿಸುವ ಪಾಠ. ಕಣ್ಣಾರೆ ನೋಡದೆ ಹೇಗೆ ಬರೆಯುವುದು? ಕಾಕಾ ವಖಾರಿಗೆ ರಜೆ ಹಾಕಿ ಅಥಣಿಯ ಕಡೆಯ ಒಬ್ಬ ದೊಡ್ಡ ದ್ರಾಕ್ಷಿ ರೈತರ ತೋಟಕ್ಕೆ ಹೋದರು. ಆ ಪುಣ್ಯಾತ್ಮರು ಊಟ ಹಾಕಿ, ಚಾಟಣಿ ಎಂದು ಕರೆಯುವ ಬಳ್ಳಿ ಕತ್ತರಿಸುವ ಕೆಲಸವನ್ನೆಲ್ಲ ತೋರಿಸಿ ಕಳಿಸಿದರು. ಪ್ರಸಂಗದಲ್ಲಿ ಆತ್ಮದ ಸುದ್ದಿ ಬರುವ ಮೊದಲು ಬೂದಿರೋಗ ಬಂತು, ಅದಕ್ಕೆ ಹೊಡೆಯುವ ಔಷಧ ಬಂತು, ಹಂದರದ ತಂತಿ ಎಷ್ಟು ಬಿಗಿ ಇರಬೇಕೆಂಬುದು ಬಂತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಈ ಔಷಧಾ ಕಬ್ಬಿಗೂ ನಡೀತೈತೇನ್ರಿ?" ಎಂದು ಕೇಳಿಯೇಬಿಟ್ಟರು.

ಕೊನೆಗೆ ಕಾಕಾ ಮುಖ್ಯ ವಿಷಯಕ್ಕೆ ಇಳಿದರು. ಕತ್ತರಿಸಿದ ಒಣ ಕೊಂಬೆಗಳನ್ನು ಕೂಡಿಸಿ ಬೆಂಕಿಗೆ ಹಾಕುವ ಆ ಭಯಂಕರ ವಾಕ್ಯವನ್ನು ಹಾಳೆಯೊಳಗೆ ಮುಖವಿಟ್ಟು ಓದಿದರು. ಕಾಕು ಬಗ್ಗಿದ ಆ ತಲೆಯನ್ನೊಮ್ಮೆ ನೋಡಿ ಜನರ ಕಡೆ ತಿರುಗಿದಳು. ಆಮೇಲೆ, "ದೇವ ಕಾಪತೋ, ಪಣ ಟಾಕತ ನಾಹೀ" ಎಂದಳು. ದೇವರು ಕತ್ತರಿಸುತ್ತಾನೆ, ಆದರೆ ಬಿಸಾಡುವುದಿಲ್ಲ. ಆ ವರ್ಷ ಮಗನನ್ನು ಮಣ್ಣಿಗಿಟ್ಟಿದ್ದ ಒಬ್ಬ ತಾಯಿ ನನ್ನ ಪಕ್ಕದಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

ಅದೇ ಸಂಜೆ ಹಿರಿಯರು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತರು. ನಾನು, ಕಾಕು ಒಳಗೆ ಚಹಾ ಸೋಸುತ್ತಿದ್ದೆವು.

"ಶಾಸ್ತ್ರದಾಗ ಬೆಂಕಿ ಐತಿ. ನಿಮ್ಮ ಮನಿಯಾಕಿ ಬೆಂಕೀನ ಆರಿಸ್ಯಾಳ!" ಎಂದರು ಒಬ್ಬರು.

"ಹೆಣಮಕ್ಕಳನ್ನ ಮೆಟ್ಟಲಾ ಹತ್ತಿಸಿದ್ರ ಹಿಂಗ ಆಗೂದು" ಎಂದರು ಇನ್ನೊಬ್ಬರು.

ನಿಜ ಹೇಳಬೇಕೆಂದರೆ, ಕತ್ತರಿಸಿದ್ದೆಲ್ಲ ಬೆಂಕಿಗೆ ಹೋಗುವುದಿಲ್ಲ ಎಂಬುದು ಕಾಕಾನಿಗೆ ಗೊತ್ತಿತ್ತು. ಚೆನ್ನಾಗಿರುವ ಕಡ್ಡಿ ಆರಿಸಿ, ಮಣ್ಣಿಗೆ ಊರಿ, ಹೊಸ ಬಳ್ಳಿ ಮಾಡುವುದನ್ನು ಅಥಣಿಯ ತೋಟದಲ್ಲಿ ನೋಡಿ ಬಂದು ನಮಗೇ ವರ್ಣಿಸಿದ್ದರು. ಅದೊಂದು ಮಾತು ಅಂದಿದ್ದರೆ ಸಾಕಿತ್ತು. ಕಾಕು ಚಹಾದ ಜಾಲರಿ ಹಿಡಿದುಕೊಂಡೇ ಬಾಗಿಲ ಸಂದಿಯಿಂದ ಅವರ ಮುಖ ನೋಡುತ್ತಿದ್ದಳು. ಕಾಕಾ ಬಾಯಿ ತೆರೆಯಲಿಲ್ಲ. ಚಹಾ ಕುಡಿದು, ಮೀಸೆ ಒರೆಸಿಕೊಂಡು, ಹಿರಿಯರು ಕಾಕುವನ್ನು ಮೆಟ್ಟಿಲಿಂದ ಇಳಿಸಿ ಹೋದರು.

"ಒಂದ ಮಾತರ ಅನ್ನಬೇಕಿಲ್ರಿ ಕಾಕಾ?" ಎಂದು ನಾನು ಜಗಳಕ್ಕೇ ನಿಂತೆ.

"ಬರಕೊಂಡಿರಲಿಲ್ಲವ್ವಾ" ಎಂದರು. "ಬರಕೊಳ್ಳದ ನನಗ ಮಾತ ಬರಂಗಿಲ್ಲ."

ಊರಿಗೆಲ್ಲ ಬರೆಯುವುದು ಕಲಿಸುವ ಮನುಷ್ಯನಿಗೆ ಹೆಂಡತಿಯ ಪರವಾಗಿ ಆಡುವ ಒಂದು ಮಾತಿಗೂ ಕರಡು ಪ್ರತಿ ಬೇಕಾಯಿತು! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊಗನೊಳ್ಳಿಯಿಂದ ಒಬ್ಬ ನಿವೃತ್ತ ಮಾಸ್ತರರು ತರ್ಜುಮೆಗೆ ಬಂದರು. ಕಗ್ಗತ್ತಲೆಗೆ ಕಗ್ಗತ್ತಲೆ, ಕಡಲಿಗೆ ಕಡಲು, ಹೆಬ್ಬಾಗಿಲಿಗೆ ಹೆಬ್ಬಾಗಿಲು. ಒಂದು ಚಿಲಕವನ್ನೂ ಬಿಡುವ ಆಸಾಮಿಯಲ್ಲ. ಪ್ರಸಂಗ ಇಮ್ಮಡಿಯಾಯಿತು, ಜನ ಅರ್ಧವಾದರು. ಮಕ್ಕಳನ್ನು ಹೊರಗೆ ಕರೆದೊಯ್ಯುವ ನೆಪದಲ್ಲಿ ಹೋದ ಗಂಡಸರು ಚಹಾದಂಗಡಿಯಲ್ಲಿ ಸಿಗುತ್ತಿದ್ದರು. ಕಾಕಾನಿಗೆ ಬೇಕಾದಂಥ ತರ್ಜುಮೆ ಕೊನೆಗೂ ಸಿಕ್ಕಿತ್ತು, ಕೇಳುವವರು ಇರಲಿಲ್ಲ.

ಕಾಕು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂರುತ್ತಿದ್ದಳು. ಮನೆಯಲ್ಲೂ ಮಾತಿಲ್ಲ. ಕಾಕಾ ಕರೆದರೆ ಓಗೊಡುತ್ತಿರಲಿಲ್ಲ. "ಸಿಟ್ಟಿಗೆದ್ದಾಳ, ಇರಲಿ ಬಿಡು" ಎನ್ನುತ್ತಿದ್ದರು ಕಾಕಾ. ಏಳಲಿ, ಇನ್ನೂ ಏಳಲಿ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಆದರೆ ಒಂದು ದಿನ ಅವಳು ಕುಕ್ಕರಿನ ಎದುರಿಗೇ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಸೀಟಿಯ ಮೇಲೆ ಸೀಟಿ ಹೊಡೆದು ಬೇಳೆ ಸೀದರೂ ತಲೆ ಎತ್ತಲಿಲ್ಲ. ಕುಕ್ಕರಿನ ಮೇಲೇಕೆ ಸಿಟ್ಟು?

ಮಿರಜಿನ ಡಾಕ್ಟರು ಎರಡೂ ಕಿವಿ ನೋಡಿದರು. ಎಡಗಿವಿ ಎಂದೋ ಹೋಗಿದೆ, ಬಲಗಿವಿ ಹೋಗುತ್ತಿದೆ, ಇದು ಈಗಿನದಲ್ಲ, ವರ್ಷಗಳಿಂದ ಇದೆ ಎಂದರು. ಹೊರಗೆ ಬೆಂಚಿನ ಮೇಲೆ ಕಾಕಾ ಅವಳ ಬಲಗಿವಿಗೆ ಬಾಯಿಟ್ಟು ಕೂಗಿದರು.

"ಹಂಗಾದ್ರ ನನ್ನ ಪ್ರಸಂಗ ಹೆಂಗ ತರ್ಜುಮಿ ಮಾಡ್ತಿದ್ದಿ?"

"ನೀವು ತೆಲಿ ಬಗ್ಗಿಸಿ ಹಾಳಿ ಕೂಡ ಮಾತಾಡ್ತಿದ್ರಿ. ಅಲ್ಲೊಂದ ಇಲ್ಲೊಂದ ಶಬ್ದ ಸಿಗ್ತಿತ್ತು. ಉಳದದ್ದು ನಾನ ಕೂಡಸ್ತಿದ್ದೆ."

"ಮತ್ತ ಆ ಬೆಂಕಿ?"

"ಬೆಂಕಿ ಅಂದದ್ದು ನನಗ ಕೇಳಿಸಲೇ ಇಲ್ರಿ."

ಕೇಳಿಸಿದ್ದರೂ ಅವಳು ಹೇಳುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

"ಕಿವಿ ಹೋಗ್ಯಾವು ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಮೆಟ್ಟಲಾ ಇಳಸ್ತಿದ್ರಿ" ಎಂದಳು ಕಾಕು.

ಬಸ್ಸಿನಲ್ಲಿ ಕಾಕಾ ಕಿಟಕಿಯ ಪಕ್ಕ, ಕಾಕು ನಡುವೆ, ನಾನು ಈಚೆ. ಬಸ್ಸು ಕಾಗವಾಡ ದಾಟಿತು. ಆಮೇಲೆ ಕಾಕಾ ಹೊರಗಿನ ಕಬ್ಬಿನ ಗದ್ದೆ ನೋಡುತ್ತಾ, "ಅರ್ಧಾ ಕೇಳಿ ಇಷ್ಟ ಚೆಂದ ಹೇಳ್ಯಾಳ. ಪೂರ್ತಿ ಕೇಳಿದ್ರ ನನ್ನ ಯಾರು ಪೀಠದ ಮ್ಯಾಲ ನಿಂದರಸ್ತಿದ್ರು?" ಎಂದರು. ಅಷ್ಟು ವರ್ಷ ಕಾಕು ಕಾದ ಮಾತು ಕೊನೆಗೂ ಬಂತು, ಅದೂ ಕಿಟಕಿಗೆ! ಕಾಕುವಿಗೆ ಅದು ಕೇಳಿಸಲಿಲ್ಲ.

"ಈ ಕಡೆ ತಿರುಗಿ ಅನ್ರಿ ಕಾಕಾ" ಎಂದೆ. ಅವರು ತಿರುಗಲಿಲ್ಲ.

ಆ ಭಾನುವಾರ ಕಾಕಾ ಪೀಠ ಹತ್ತಿದವರು ಮೊದಲು ಮಾಸ್ತರರಿಗೆ ಕೈಮುಗಿದು, "ನೀವು ಕುಂದರ್ರಿ" ಎಂದರು. ಹಾಳೆಗಳು ಜೇಬಿನಲ್ಲೇ ಇದ್ದವು, ಹೊರಗೆ ತೆಗೆಯಲಿಲ್ಲ. ಕನ್ನಡಕ ಸರಿಮಾಡಿಕೊಂಡು, ತಲೆ ಎತ್ತಿ, ಹೆಂಗಸರ ಸಾಲಿನ ಕಡೆ ಮುಖ ಮಾಡಿ ನಿಂತರು. ಆಮೇಲೆ ಒಂದೊಂದೇ ಶಬ್ದವನ್ನು ಬಾಯ್ತುಂಬ, ನಿಧಾನವಾಗಿ ಆಡತೊಡಗಿದರು.

"ಒಬ್ಬ ಮನಶ್ಯಾ ಇದ್ದ."

ನಿಲ್ಲಿಸಿದರು.

"ಅವಂಗ ಬರಿಯಾಕ ಬರ್ತಿತ್ತು."

ಮತ್ತೆ ನಿಲ್ಲಿಸಿದರು.

"ಮಾತಾಡಾಕ ಬರ್ತಿರಲಿಲ್ಲ."

ಮರಾಠಿ ಇಲ್ಲ, ಕಡಲಿಲ್ಲ, ಹೆಬ್ಬಾಗಿಲಿಲ್ಲ. ಆದರೂ ಯಾರೂ ಎದ್ದುಹೋಗಲಿಲ್ಲ, ಮಲಗಲೂ ಇಲ್ಲ. ಹೊರಗೆ ಬಂದ ಮೇಲೆ ಹಿರಿಯರು, "ಭಾಷಣದ ಕಲಾ ಅಂದ್ರ ಇದು. ಎಲ್ಲಿ ನಿಲ್ಲಸಬೇಕು ಅನ್ನೂದು ಈಗ ಕಲತಾರ ನೋಡ್ರಿ" ಎಂದು ಒಬ್ಬರಿಗೊಬ್ಬರು ತಲೆದೂಗಿದರು.

ಪಾಪ, ಅವರು ಗಂಡಸರ ಸಾಲಿನಲ್ಲಿ ಕೂತಿದ್ದರು, ಅವರಿಗೆ ಕಾಣುವಂತಿರಲಿಲ್ಲ. ನಾನು ಕಾಕುವಿನ ಪಕ್ಕದಲ್ಲಿದ್ದೆ. ಅವಳ ಕಣ್ಣು ಕಾಕಾನ ಬಾಯಿಯ ಮೇಲೆ ನೆಟ್ಟಿತ್ತು. ಕಾಕಾ ಒಂದು ಮಾತು ಮುಗಿಸಿದ ಕೂಡಲೇ ಅವಳ ತುಟಿ ಸದ್ದಿಲ್ಲದೆ ಮರಾಠಿಯಲ್ಲಿ ಆಡುತ್ತಿತ್ತು. ಆ ತುಟಿ ನಿಲ್ಲುವವರೆಗೂ ಕಾಕಾ ಕಾಯುತ್ತಿದ್ದರು.