ಕ್ಯಾಮರಾದೊಳಗಿನ ಕತ್ತಲು

ಸಂಜೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ನನ್ನ ಹೆಂಡತಿ ಮಾಯವಾದಳು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನನ್ನ ಹಳೆಯ ಫಿಲ್ಮ್ ಕ್ಯಾಮರಾದಲ್ಲಿ ಬೆಳಕು ಅಳೆಯುವ ಸಾಧನವಿಲ್ಲ. ಗಡಿಯಾರ ನೋಡಿ, ಆಕಾಶ ನೋಡಿ, ಅಂದಾಜು ಮಾಡಬೇಕು. ತಲ್ಲೂರಿನ ನಮ್ಮ ಮನೆಯಲ್ಲಿ ಮೂರು ಮೊಬೈಲುಗಳಿವೆ. ಆದರೂ ಹೆಮ್ಮಾಡಿಯಲ್ಲಿ ಸ್ಟುಡಿಯೋ ಮುಚ್ಚಿ ಕೂತಿದ್ದ ಶೀನಣ್ಣನಿಂದ ಈ ಕಬ್ಬಿಣದ ಮುದ್ದೆಯನ್ನು ಕೊಂಡೆ. ಯಾಕೆಂದರೆ, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವಾಗ ಹೆಬ್ಬೆರಳಿಗೆ ಸಿಗುವ ಆ ಬಿಗಿಯನ್ನು ಹೇಗೆ ವಿವರಿಸಲಿ? ಚಾರ್ಜು ಮಾಡುವ ಗೋಜಿಲ್ಲ. ತೆಗೆದ ಚಿತ್ರ ಹೇಗೆ ಬಂತೆಂದು ವಾರಗಟ್ಟಲೆ ತಿಳಿಯುವುದೂ ಇಲ್ಲ. ಕಾಯುವುದರಲ್ಲೇ ಸುಖವಿದೆ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದವನು ನಾನೇ. ಭೌತಶಾಸ್ತ್ರದ ಮೇಷ್ಟರಾದ್ದರಿಂದ ಯಾರೂ ಎದುರಾಡಲಿಲ್ಲ. ಕೊಡುವಾಗ ಶೀನಣ್ಣ ಒಂದು ಮಾತು ಹೇಳಿದ್ದ. "ಮಾಸ್ಟ್ರೇ, ಗುಂಡಿ ಒತ್ತಿರ್ ಕೂಡ್ಲೆ ಒಳಗಿನ್ ಕನ್ನಡಿ ಮೇಲ್ ಹೋತ್ತ್. ಲಿವರ್ ಎಳಿವರಿಗೂ ನೋಡು ಕಿಂಡಿಯಂಗೆ ಬರೀ ಕತ್ಲಿ. ಹೆದ್ರಬೇಡಿ."

ಆ ಸಂಜೆ ಬೈಂದೂರಿನ ಕಡಲತೀರದಲ್ಲಿ ವನಜಳನ್ನು ಒಂದು ಬಂಡೆಯ ಮೇಲೆ ನಿಲ್ಲಿಸಿದ್ದೆ. ಮೊಬೈಲಾಗಿದ್ದರೆ ಅರೆ ನಿಮಿಷದ ಕೆಲಸ. ನಾನು ಫೋಕಸ್ ತಿರುಗಿಸಿದೆ, ಗಡಿಯಾರ ನೋಡಿದೆ, ಮತ್ತೆ ಫೋಕಸ್ ತಿರುಗಿಸಿದೆ. ಆಯಿತಾ ಎಂದು ಅವಳು ಎರಡು ಸಲ ಕೇಳಿದಳು. ಮೂರನೆಯ ಸಲ, "ಹ್ವಾಯ್, ತೆರೆ ಬತ್ತಾ ಇತ್ತ್" ಅಂದಳು. ಅಲ್ಲಾಡಬೇಡ ಎಂದು ಹೇಳಿ ಗುಂಡಿ ಒತ್ತಿದೆ. ಛಟಕ್. ಕತ್ತಲು. ಲಿವರ್ ಎಳೆದೆ, ಬೆಳಕು ಬಂತು. ಬಂಡೆ ಖಾಲಿಯಾಗಿತ್ತು. ನೀರು ಸದ್ದಿಲ್ಲದೆ ಇಳಿಯುತ್ತಿತ್ತು.

ಬಂಡೆಯ ಹಿಂದೆ ಗಾಳ ಹಾಕಿ ಕೂತಿದ್ದವರೊಬ್ಬರು ಸಂದಿನಲ್ಲಿ ಬಿದ್ದವಳ ರಟ್ಟೆ ಹಿಡಿದಿದ್ದರು. ನಾನು ಸೊಂಟದುದ್ದ ನೀರಿನಲ್ಲಿ ಓಡಿದೆ, ನೆನೆಯಬಾರದೆಂದು ಕ್ಯಾಮರಾವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು. ಅವರು ಅದನ್ನೂ ನನ್ನನ್ನೂ ನೋಡಿ, "ಒಂದ್ ಕೈಯಾರೂ ಖಾಲಿ ಇತ್ತಾ ನಿಮ್ದ್?" ಅಂದರು. ವನಜಳಿಗೆ ಮೊಣಕಾಲು ತರಚಿತ್ತು, ಅಷ್ಟೇ.

ಫಿಲ್ಮ್ ಸುತ್ತಿ ಶೀನಣ್ಣನಿಗೆ ಕೊಟ್ಟೆ. ತೊಳೆಯುವ ಕೆಮಿಕಲ್ ಬರಬೇಕು, ಕಾಯಿರಿ ಅಂದ. ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಕನ್ನಡಿ ಮೇಲೇಳುತ್ತಿತ್ತು. ಆ ಕತ್ತಲಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಕ್ಯಾಮರಾ ನೋಡಿದೆ. ಅವಳು ನನ್ನತ್ತ ಕೈ ಚಾಚಿದ್ದಳೇ? ಕ್ಯಾಮರಾ ಇಟ್ಟಿದ್ದ ಬೀರುವಿನೊಳಗಿಂದ ಛಟಕ್ ಎಂದಂತಾಗುತ್ತಿತ್ತು. ಎದ್ದು ಪಕ್ಕದ ಹಾಸಿಗೆ ಮುಟ್ಟಿ ನೋಡುತ್ತಿದ್ದೆ. "ಇಲ್ಲೇ ಇದ್ದೆ, ಮನಿಕಣಿ" ಎಂದು ನನ್ನನ್ನು ಮಲಗಲು ಹೇಳಿ ಅವಳು ಮಗ್ಗುಲಾಗುತ್ತಿದ್ದಳು. ಹೀಗೆ ಹನ್ನೊಂದು ರಾತ್ರಿ.

ಹನ್ನೆರಡನೆಯ ದಿನ ಶೀನಣ್ಣ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದ. ಉದ್ದಕ್ಕೂ ಗಾಜಿನಂತೆ ತಿಳಿಯಾಗಿತ್ತು. "ಎಂತದೂ ಇಲ್ಲೆ ಮಾಸ್ಟ್ರೇ. ಫಿಲ್ಮಿನ್ ತುದಿ ಒಳಗಿನ್ ಚಕ್ರದ್ ಹಲ್ಲಿಗೇ ಕಚ್ಚಲಿಲ್ಲೆ, ಮುಂದೇ ಹೋಯ್ಲಿಲ್ಲೆ. ಸುತ್ತುವಾಗ ಹಗೂರ ಆಯ್ತಲ್ದಾ?" ಆಗಿತ್ತು. ಗಾಬರಿಯಲ್ಲಿ ಗಮನಿಸಿರಲಿಲ್ಲ. ಎಂದರೆ, ಚಿತ್ರವೇ ತೆಗೆಯದ ಕ್ಯಾಮರಾಕ್ಕಾಗಿ ಅವಳನ್ನು ತೆರೆಯೆದುರು ನಿಲ್ಲಿಸಿದ್ದೆ.

ಮನೆಗೆ ಬಂದು ಹೇಳಿದೆ. ವನಜ ಸೊಪ್ಪು ಬಿಡಿಸುತ್ತಿದ್ದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು. ಸೊಪ್ಪೆಲ್ಲ ಬಿಡಿಸಿ ಮುಗಿಸಿ, "ಆಯ್ತವಾರ ಬೈಂದೂರಿಗೆ ಹೋಪ. ಈ ಸರ್ತಿ ನೀವ್ ನಿಂತ್ಕಣಿ" ಅಂದಳು.

ನಿಂತೆ. ಅದೇ ಬಂಡೆ. ಅವಳು ಫೋಕಸ್ ತಿರುಗಿಸಿದಳು, ಆಕಾಶ ನೋಡಿದಳು, ಮತ್ತೆ ತಿರುಗಿಸಿದಳು. ಬೆನ್ನ ಹಿಂದೆ ನೀರು ಉಸಿರೆಳೆದುಕೊಳ್ಳುವ ಸದ್ದು. ಆಯಿತಾ ಎಂದು ಎರಡು ಸಲ ಕೇಳಿದೆ. "ಅಲ್ಲಾಡಬೇಡಿ" ಅಂದಳು. ಛಟಕ್. ತೆರೆ ನನ್ನ ಪಾದ ನೆಕ್ಕಿ ಹೋಯಿತು.

ಆ ಭಾನುವಾರ ರಾತ್ರಿ ನಾನು ಬೆಳಗಿನವರೆಗೆ ಎಚ್ಚರವಿಲ್ಲದೆ ಮಲಗಿದೆ. ಕ್ಯಾಮರಾ ಈಗ ಅವಳ ಬೀರುವಿನಲ್ಲಿದೆ. ಅಂದು ಅದರೊಳಗೆ ಫಿಲ್ಮ್ ಇತ್ತೋ ಇಲ್ಲವೋ, ಅವಳು ಹೇಳಿಲ್ಲ. ಕೇಳುವಷ್ಟು ಧೈರ್ಯ ನನಗೂ ಬಂದಿಲ್ಲ.