ಗೇಣುದ್ದ ಮರ್ಯಾದೆ

ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ. ಆದರೆ ಅದರ ಕಾರಣವಾದರೂ ನಾಲ್ಕು ಜನರೆದುರು ಹೇಳಿಕೊಳ್ಳುವಂತಿರಬೇಕು. ಎದುರುಮನೆಯವರು ಮೇಲೊಂದು ಅಂತಸ್ತು ಎಬ್ಬಿಸಿದರೆಂದೋ, ಓರಗಿತ್ತಿ ಮದುವೆಗೆ ಹೊಸ ಬೋರಮಾಳ ಸರ ಹಾಕಿಕೊಂಡು ಬಂದಳೆಂದೋ ಉರಿದುಕೊಂಡರೆ ಜನ ಅರ್ಥ ಮಾಡಿಕೊಳ್ಳುತ್ತಾರೆ, ಜೊತೆಗೆ ತಾವೂ ಸ್ವಲ್ಪ ಉರಿಯುತ್ತಾರೆ. ನನ್ನ ಸಂಕಟ ಅಂಥದ್ದಲ್ಲ. ತಿಕೋಟಾದ ಭಾರತಿ ಎಂಬುವಳ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು, ಮತ್ತು ಅದಕ್ಕೆ ಕಾರಣ ಅವಳ ಬಣ್ಣವಲ್ಲ, ಬಂಗಾರವಲ್ಲ, ಅವಳ ಮನೆಯ ದ್ರಾಕ್ಷಿ ತೋಟವೂ ಅಲ್ಲ. ಅವಳು ಕೂರುವ ಜಾಗದ ಚರ್ಮ. ಅದರ ಮೇಲೆ ಒಂದೇ ಒಂದು ಕಲೆಯಿಲ್ಲವಂತೆ. ಇದನ್ನು ಯಾರೆದುರು ಹೇಳಿಕೊಳ್ಳಲಿ?

ಮೊದಲಿನಿಂದ ಹೇಳುತ್ತೇನೆ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಊರಿನಲ್ಲಿ ನಳದ ನೀರು ಬರುವ ದಿನವೆಂದರೆ ಹಬ್ಬಕ್ಕಿಂತ ಹೆಚ್ಚು ಗಡಿಬಿಡಿ. ಅಂಥದೊಂದು ದಿನ ಮಾಳಿಗೆಯ ಮೇಲಿನ ಟಾಕಿ ತುಂಬಿತೋ ಇಲ್ಲವೋ ನೋಡಲು ಏಣಿ ಹತ್ತಿದೆ, ಜಾರಿದೆ, ಅಂಗಳಕ್ಕೆ ಬಂದು ಬಿದ್ದೆ. ಟಾಕಿ ತುಂಬಿತ್ತು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಲೇ "ಯಾರಾರ ಮೋಟರ್ ಬಂದ್ ಮಾಡ್ರೋ, ನೀರು ಹಾಳಾಗಾಕತ್ತಾವು" ಎಂದು ಕೂಗಿದರಂತೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ನನಗೆ ಚಲನೆ ಹೋಯಿತು, ಸ್ಪರ್ಶವೂ ಹೋಯಿತು. ಆ ನಂತರದ ಅಳುವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಬೇಕಾದಷ್ಟು ಆಗಿದೆ, ಮತ್ತು ಅದರಲ್ಲಿ ಭಾರತಿಯ ತಪ್ಪೇನೂ ಇಲ್ಲ.

ಭಾರತಿ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ಪಕ್ಕದ ಕಾಟಿನಲ್ಲಿ. ಎಂ.ಕಾಂ. ಓದಿ ತಿಕೋಟಾದ ದೊಡ್ಡ ಮನೆತನಕ್ಕೆ ಸೊಸೆಯಾಗಿ ಬಂದವಳು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೇಲಿನಿಂದ ಬಿದ್ದಿದ್ದಳು. ನನಗೆ ಮುರಿದ ಬೆನ್ನುಮೂಳೆಯ ಮಣಿಯೇ ಅವಳಿಗೂ ಮುರಿದಿತ್ತು. ಡಾಕ್ಟರು ಇಬ್ಬರ ಎಕ್ಸ್‌ರೇಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅವಳಿ ಜವಳಿ ನೋಡಿದವರಂತೆ ತಲೆಯಾಡಿಸಿದ್ದರು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆಯ ತಳಪಾಯ ಬೇಕಿಲ್ಲ. ಬೇರೆ ಮಣಿ ಮುರಿದಿದ್ದರೆ ಅವಳ ಹಣೆಬರಹ ಬೇರೆ, ನನ್ನದು ಬೇರೆ ಎಂದು ಸುಮ್ಮನಿರಬಹುದಿತ್ತು.

ಗಾಲಿಕುರ್ಚಿ ಬಂದ ದಿನ ಅಲ್ಲಿಯ ನರ್ಸಬಾಯಿ ಇಬ್ಬರನ್ನೂ ಎದುರುಬದುರು ಕೂರಿಸಿ ಹೇಳಿಕೊಟ್ಟರು. ಕೂತ ಜಾಗ ಒತ್ತಿಕೊಂಡೇ ಇದ್ದರೆ ರಕ್ತ ಹರಿಯದೆ ಚರ್ಮ ಸಾಯುತ್ತದೆ, ಬೆಡ್‌ಸೋರ್ ಆಗುತ್ತದೆ, ಆದದ್ದು ನಿಮಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಆಗಾಗ ಕುರ್ಚಿಯ ಎರಡೂ ತೋಳಿನ ಮೇಲೆ ಅಂಗೈ ಊರಿ ಮೈಯನ್ನು ಮೇಲೆತ್ತಬೇಕು, ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ದಿನಾ ಕನ್ನಡಿಯಲ್ಲಿ ಚರ್ಮ ನೋಡಿಕೊಳ್ಳಬೇಕು. ನಾನು ಜಾಣ ವಿದ್ಯಾರ್ಥಿನಿಯಂತೆ ತಲೆದೂಗಿದ್ದಲ್ಲದೆ, ನರ್ಸಬಾಯಿ ಅತ್ತ ಹೋದ ಮೇಲೆ ಭಾರತಿಗೆ ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪಾಠವನ್ನೂ ಮಾಡಿದೆ. ಅವಳು ಆಕಳಿಸಿದಳು. ಇವಳ ಗತಿ ಏನಪ್ಪಾ ಎಂದು ಆಗ ನಾನು ಮರುಗಿದ್ದೆ.

ಮನೆಗೆ ಬಂದೆ. ಮಾತಾಡಿಸಿಕೊಂಡು ಹೋಗುವವರು ಶುರುವಾದರು. ನಮ್ಮ ಕಡೆ ಒಬ್ಬರಿಗೆ ಆರಾಮಿಲ್ಲ ಎಂದರೆ ಬಂಧು ಬಳಗವೆಲ್ಲ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದೇ ಬರಬೇಕು. ಬಾರದಿದ್ದರೆ ಮುಂದಿನ ಮದುವೆಯಲ್ಲಿ ಮಾತು ಬರುತ್ತದೆ. ನನ್ನನ್ನು ಬೆಳಗಾದ ಕೂಡಲೇ ಒಗೆದ ಸೀರೆ ಉಡಿಸಿ ಪಡಸಾಲೆಯ ನಡುವೆ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬಂದವರು ಬೀಳುವುದರಲ್ಲಿ ತಮ್ಮ ಅನುಭವ ಹೇಳುತ್ತಿದ್ದರು. ಭೂತನಾಳದ ಒಬ್ಬರಂತೂ ತಮ್ಮ ಎಮ್ಮೆ ಬಿದ್ದದ್ದನ್ನು ಚಾ ಬರುವ ತನಕ, ಚಾ ಆದ ಮೇಲೂ ಹೇಳಿದರು. ಅಷ್ಟು ಜನ ಹಿರಿಯರ ಎದುರು ಕುರ್ಚಿಯಿಂದ ಹಿಂಭಾಗ ಎತ್ತಿ ತೂಗಾಡುವುದು ಹೇಗೆ? ನನಗೆ ನಾಚಿಕೆ. ಟೀಚರ್ ಅಲ್ಲವೆ, ನಾನು ಬಂದರೆ ಬೇರೆಯವರು ಏಳಬೇಕೇ ಹೊರತು ನಾನು ಎದ್ದು ಗೊತ್ತಿಲ್ಲ. ಮೂರ್ತಿಯಂತೆ ಕೂತೆ. ಇನ್ನು ಕನ್ನಡಿಯ ಮಾತು ಕೇಳಲೇಬೇಡಿ. ನಮ್ಮ ಮನೆಯಲ್ಲಿದ್ದದ್ದು ಕಪಾಟಿಗೆ ಜಡಿದ ಕನ್ನಡಿ. ಅದರೆದುರು ಆ ಭಂಗಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವಷ್ಟು ಧೈರ್ಯ ಯಾರಿಗೂ ಇರಲಿಲ್ಲ.

ಒಂದು ದಿನ ಸೀರೆ ಬದಲಿಸುವಾಗ ಅತ್ತೆಗೆ ಕಲೆ ಕಂಡಿತು. ಡಾಕ್ಟರು ನೋಡಿ, ಇದು ಮೇಲಿನ ಗಾಯವಲ್ಲ, ಒಳಗೆ ಹೋಗಿದೆ, ಮಾಯುವ ತನಕ ಕೂರುವ ಹಾಗೇ ಇಲ್ಲ, ಬೋರಲು ಮಲಗಬೇಕು ಎಂದರು. ಕೂರುವ ಹಾಗಿಲ್ಲ ಎಂದರೆ ನನಗೆ ಶಾಲೆಯಿಲ್ಲ ಎಂದು ಅರ್ಥ. ನನ್ನ ರಜೆ ಮುಗಿಯುತ್ತ ಬಂದಿತ್ತು. ಬೇಸಿಗೆ ಸೂಟಿ ಕಳೆದು ಶಾಲೆ ಶುರುವಾಗುವುದರೊಳಗೆ ಹಾಜರಾಗದಿದ್ದರೆ ಕೆಲಸ ಬಿಟ್ಟ ಹಾಗೆಯೇ. ಸಾರವಾಡದ ದೊಡ್ಡತ್ತೆ ಆಗಲೇ ತೀರ್ಪು ಕೊಟ್ಟಾಗಿತ್ತು: "ಇನ್ನ ಯಾಕ ಬೇ ನಿನಗ ನೌಕರಿ? ಮನ್ಯಾಗ ಆರಾಮ ಮಕ್ಕೊಂಡಿರು." ಅದೇ ನನ್ನ ದೊಡ್ಡ ಹೆದರಿಕೆ. ಈ ಮನೆಯ ಎಲ್ಲರ ಪ್ರೀತಿಯ ನಡುವೆ, ಒಗೆದ ಚಾದರದ ಮೇಲೆ, ಬೋರಲು ಮಲಗಿಯೇ ನಾನು ಮುದುಕಿಯಾಗುವುದು.

ಹೀಗೆ ಮುಖ ದಿಂಬಿಗೆ ಒತ್ತಿ ಬಿದ್ದಿರುವಾಗಲೇ ಭಾರತಿಯ ವರದಿಗಳು ಬರತೊಡಗಿದವು. ನಮ್ಮ ಅತ್ತೆಯ ತವರು ತಿಕೋಟಾ. ಅವರು ತವರಿಗೆ ಹೋದಾಗಲೆಲ್ಲ ಅವಳನ್ನು ನೋಡಿಕೊಂಡು ಬಂದು, ನನ್ನ ಹುಣ್ಣಿಗೆ ಪಟ್ಟಿ ಕಟ್ಟುವ ಹೊತ್ತಿಗೇ ಸರಿಯಾಗಿ ಬಾಯಿ ತೆರೆಯುತ್ತಿದ್ದರು. ಭಾರತಿ ಅಡುಗೆಮನೆಯ ಕಟ್ಟೆ ತಗ್ಗಿಸಿಕೊಂಡಿದ್ದಾಳೆ. ಭಾರತಿ ಪಾಯಖಾನೆಗೆ ಹಿಡಿಕೆ ಹಾಕಿಸಿಕೊಂಡಿದ್ದಾಳೆ. "ನಿನ್ನೆ ಮೂರು ಗಾಲಿ ಗಾಡಿ ತಗೊಂಡು ಒಬ್ಬಾಕಿನ ಬಬಲೇಶ್ವರ ಸಂತಿಗೆ ಹೋಗ್ಯಾಳ. ಬದನಿಕಾಯಿ ಎಷ್ಟ ಛಲೋ ಆರಿಸಿ ತಂದಾಳ ಅಂತಿ!" ನಾನು ದಿಂಬಿನೊಳಗೇ ಹಲ್ಲು ಕಡಿದೆ. ಆರೋಗ್ಯವಂತರ ಓಡಾಟ ನೋಡಿ ನನಗೆ ಒಂದು ದಿನವೂ ಇಷ್ಟು ಉರಿದಿಲ್ಲ. ಎರಡು ಕಾಲಿರುವವರು ಸಂತೆಗೆ ಹೋಗಲಿ ಬಿಡಿ, ಅದರಲ್ಲೇನು ಹೆಚ್ಚುಗಾರಿಕೆ? ನನ್ನದೇ ಮಣಿ ಮುರಿದುಕೊಂಡವಳು ಬದನೆಕಾಯಿ ಆರಿಸುತ್ತಾಳೆಂದರೆ ಹೇಗೆ ತಡೆದುಕೊಳ್ಳುವುದು?

ಕೊನೆಗೊಂದು ದಿನ ಅತ್ತೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು. "ಸುಮಿ, ಇವತ್ತ ನೀ ನೋಡಬೇಕಿತ್ತು ಆ ಭಾರತಿನ. ನಾ ಬಾಗಲದಾಗ ಕಾಲಿಟ್ಟಿದ್ದೇ ತಡ, ಕುರ್ಚಿ ಮ್ಯಾಲೆ ಎರಡೂ ಕೈ ಊರಿ ಗೇಣುದ್ದ ಮ್ಯಾಲೆದ್ಲು. ಬರ್ರಿ ಅಂದ್ಲು, ಕುಂದರ್ರಿ ಅಂದ್ಲು. ನಾ ಕುಂತ ಮ್ಯಾಲೆನ ಆಕಿ ಕುಂತಿದ್ದು. ಬರೇ ನನಗಷ್ಟ ಅಲ್ಲ, ಬಂದವರಿಗೆಲ್ಲಾ ಏಳ್ತಾಳ. ಕಾಲು ಹೋದ್ರೂ ಮರ್ಯಾದಿ ಬಿಟ್ಟಿಲ್ಲ ನೋಡು ಆಕಿ."

"ಅದು ಮರ್ಯಾದಿ ಅಲ್ರೀ ಅತ್ತಿ, ವ್ಯಾಯಾಮ. ಬೆಡ್‌ಸೋರ್ ಆಗಬಾರದಂತ ನರ್ಸಬಾಯಿ ಇಬ್ಬರಿಗೂ ಹೇಳಿಕೊಟ್ಟಿದ್ರು."

"ಹಂಗಾರ ನೀ ಯಾಕ ಏಳಲಿಲ್ಲ?"

ಬಿ.ಎಸ್ಸಿ., ಬಿ.ಎಡ್. ಎರಡೂ ಮಾಡಿದ ನಾನು ಮುಖವನ್ನು ಮತ್ತೆ ದಿಂಬಿಗೆ ಒತ್ತಿದೆ. ಮನೂಕ, ಅಂದರೆ ಒಣದ್ರಾಕ್ಷಿ, ಸಿಗುತ್ತವೆಯೇ ಎಂದು ಕೇಳುವ ನೆಪದಲ್ಲಿ ಭಾರತಿಗೆ ಫೋನ್ ಮಾಡಿದೆ. ಮನೂಕದ ಮಾತು ಮುಗಿಸಿ ಮೆಲ್ಲಗೆ ಏಳುವ ವಿಷಯಕ್ಕೆ ಬಂದೆ. ಅವಳು ನಕ್ಕಳು. "ಮತ್ತೇನ ಮಾಡ್ಲಿರಿ ಅಕ್ಕೋರ? ನಮ್ಮನಿಗೆ ಮಂದಿ ಬರೂದು ನಿಲ್ಲಂಗಿಲ್ಲ. ಸುಮ್ಮನ ಮೈ ಎತ್ತಿದ್ರ ಏನಾತು ಬೇ, ಏನಾತು ಬೇ ಅಂತ ಓಡಿ ಬರ್ತಾರ. ಮರ್ಯಾದಿಗೆ ಎದ್ದೆ ಅಂದ್ರ ಯಾರೂ ಕೇಳಂಗಿಲ್ಲ. ಬಂದಾಗೊಮ್ಮೆ ಏಳ್ತೇನಿ, ಚಾ ಕೊಡುವಾಗೊಮ್ಮೆ, ಹೋಗುವಾಗೊಮ್ಮೆ. ಯಾರೂ ಬರಲಿಲ್ಲಂದ್ರ ಗ್ವಾಡಿ ಮ್ಯಾಗಿನ ನಮ್ಮ ಮಾವಾರ ಫೋಟೋಕ್ಕ ಏಳ್ತೇನಿ." ನನಗೆ ಹುಣ್ಣು ತಂದಂಥದೇ ಬಾಳೆಹಣ್ಣಿನ ಜನರನ್ನು ಅವಳು ಗಡಿಯಾರ ಮಾಡಿಕೊಂಡಿದ್ದಳು. ಮೇಲೆ ಒಳ್ಳೆಯ ಸೊಸೆ ಎಂಬ ಹೆಸರು ಬೇರೆ. ಫೋನ್ ಇಟ್ಟ ಮೇಲೆ ನಾನು ಊಟ ಮಾಡಲಿಲ್ಲ.

ಆದರೆ ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಔಷಧ ನಾನು ಕಂಡಿಲ್ಲ. ಬೋರಲು ಮಲಗು ಎಂದು ಡಾಕ್ಟರು ಬೇಡಿಕೊಂಡಾಗ ಗಳಿಗೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ಭಾರತಿಯ ನೆನಪಿಗೆ ಅಲ್ಲಾಡದೆ ಮಲಗಿದೆ. ಬೇಡವೆಂದು ಸರಿಸುತ್ತಿದ್ದ ಮಡಕಿಕಾಳಿನ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲವನ್ನೂ ತಿಂದೆ. ನಮ್ಮ ಯಜಮಾನರು ನನ್ನ ಹಳೆಯ ಸ್ಕೂಟಿಯ ಕನ್ನಡಿ ಬಿಚ್ಚಿ ಒಂದು ಕೋಲಿಗೆ ಕಟ್ಟಿ ತಂದುಕೊಟ್ಟರು. ಆ ಗಾಡಿಯ ಮೇಲೆ ಕೂತು ಊರೆಲ್ಲ ಸುತ್ತಿದ್ದೆ. ಆ ಕನ್ನಡಿಯಲ್ಲಿ ಹಿಂದಿನಿಂದ ಬರುವ ಟಂಟಂ ಆಟೋ ನೋಡುತ್ತಿದ್ದವಳು ಈಗ ಹಿಂದಿನದನ್ನೇ ಬೇರೆ ರೀತಿಯಲ್ಲಿ ನೋಡತೊಡಗಿದೆ. ಮೊದಲ ದಿನ ಅತ್ತೆ, ನಾನು ಇಬ್ಬರೂ ಅತ್ತೆವು. ಎರಡನೆಯ ದಿನ ನಕ್ಕೆವು. ಗಾಯ ಕೊನೆಗೂ ಮಾಯಿತು.

ಕುರ್ಚಿಗೆ ಮರಳಿದ ಮೇಲೆ ನಾನು ಏಳದವರಿಲ್ಲ. ಅತ್ತೆಗೆ ಎದ್ದೆ, ದೊಡ್ಡತ್ತೆಗೆ ಎದ್ದೆ, ಹಾಲಿನವನಿಗೆ ಎದ್ದೆ, ಗ್ಯಾಸಿನ ಸಿಲಿಂಡರ್ ಹೊತ್ತು ತಂದವನಿಗೆ ಎದ್ದೆ. ಪಾಪ, ಅವನು ಗಾಬರಿಯಾಗಿ ಸಿಲಿಂಡರ್ ಇಳಿಸಿ ಕೈಮುಗಿದ. ಅತ್ತೆ ತವರಿಗೆ ಫೋನ್ ಹಚ್ಚಿ "ನಮ್ಮ ಸುಮಿ ಭಾರತಿಗಿಂತ ಮ್ಯಾಲೆ ಏಳ್ತಾಳ" ಎಂದು ಹೇಳುವುದನ್ನು ಕೇಳಿದಾಗ ನನ್ನ ತೋಳಿನ ನೋವೆಲ್ಲ ಮರೆತುಹೋಯಿತು.

ಶಾಲೆ ಶುರುವಾದ ದಿನ ಹೋದೆ. ಹೆಡ್‌ಮಾಸ್ತರರು ಬಾಗಿಲಿಗೆ ಇಳಿಜಾರು ಕಟ್ಟಿಸಿ, ನನ್ನ ತರಗತಿಯನ್ನು ಕೆಳಗಿನ ಅಂತಸ್ತಿಗೆ ತಂದಿದ್ದರು. ಒಳಗೆ ಹೋದ ಕೂಡಲೇ ಮಕ್ಕಳೆಲ್ಲ ಬೆಂಚು ಕಿರುಗುಟ್ಟಿಸುತ್ತ ಎದ್ದು ನಿಂತರು. ಇಷ್ಟು ವರ್ಷ ಕುಂದರ್ರಿ ಎಂದು ಕೈಬೀಸಿ ಬಿಡುತ್ತಿದ್ದೆ. ಅಂದು ನಾನೂ ಅಂಗೈ ಊರಿ ಎದ್ದೆ. ಹಿಂದಿನ ಬೆಂಚಿನಲ್ಲಿ ಒಂದು ಕಿಸಿಕ್ ಕೇಳಿ ನಿಂತಿತು. ನಾನು ಕೂರುವ ತನಕ ಒಬ್ಬರೂ ಕೂರಲಿಲ್ಲ. ನಾನು ಕುರ್ಚಿ ತಿರುಗಿಸಿ ಬೋರ್ಡಿನ ಮೇಲೆ ತಾರೀಖು ಬರೆದೆ, ಒರೆಸಿ ಮತ್ತೆ ಅದನ್ನೇ ಬರೆದೆ.

ಆ ಸಂಜೆ ಭಾರತಿಯ ಫೋನ್ ಬಂತು. ಅತ್ತೆ ಸುದ್ದಿ ಮುಟ್ಟಿಸಿಬಿಟ್ಟಿದ್ದರು. "ನಿಮಗ ಇಡೀ ಕ್ಲಾಸೇ ಎದ್ದು ನಿಂದರತೈತಂತಲ್ರಿ ಅಕ್ಕೋರ. ನಾ ಇಲ್ಲಿ ಕಂಡವರಿಗೆಲ್ಲಾ ಏಳಾಕತ್ತೇನಿ, ನನಗ ಯಾರು ಏಳ್ತಾರ ಹೇಳ್ರಿ? ನಾನೂ ಓದೇನಿ, ನನಗೂ ಎಲ್ಲಾರ ಕೆಲಸಕ್ಕ ಹೋಗಬೇಕನಸತೈತಿ. ಖರೇ ಹೇಳ್ತೇನಿ, ನಿಮ್ಮ ಸುದ್ದಿ ಕೇಳಿ ಹೊಟ್ಟಿ ಉರೀತು." ಅವಳು ನಕ್ಕಳು, ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ. ಒಳ್ಳೆಯವಳಾಗಿದ್ದರೆ ನಾನು ಅವಳಿಗೆ ಎರಡು ಸಮಾಧಾನದ ಮಾತು ಹೇಳುತ್ತಿದ್ದೆ. ಹೇಳಿದೆ ಕೂಡ. ಆದರೆ ಒಳಗೆ ಹೋಳಿಗೆ ಉಂಡಷ್ಟು ಹಿತವಾಗಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಅದೇ ಸುದ್ದಿ. ತಿಕೋಟಾದ ಭಾರತಿ, ಬದನೆಕಾಯಿ ಆರಿಸುವ ಭಾರತಿ, ಆಕೆ ನನ್ನನ್ನು ಕಂಡು ಉರಿದುಕೊಳ್ಳುತ್ತಾಳೆ ಎಂದು ಬಂದವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಊಟದ ಬಿಡುವು ಮುಗಿಯಿತು, ನಂತರದ ಖಾಲಿ ಪಿರಿಯಡ್ಡೂ ಮುಗಿಯಿತು. ಹೇಳುವ ಭರದಲ್ಲಿ ಒಮ್ಮೆಯೂ ಏಳಲಿಲ್ಲ. ಸಂಜೆ ಕನ್ನಡಿ ಹಿಡಿದರೆ ಹಳೆಯ ಗಾಯದ ಪಕ್ಕದಲ್ಲೇ ಒಂದು ಕೆಂಪು ಮಚ್ಚೆ. ಬೆರಳಿನಿಂದ ಒತ್ತಿದರೂ ಬಿಳಿಚಲಿಲ್ಲ, ಎಂದರೆ ಮತ್ತೆ ಹುಣ್ಣಿನ ಶುರು. ಅತ್ತೆಯನ್ನು ಕೂಗಿ ತೋರಿಸಿದೆ. ನಾಳೆ ಶಾಲೆಯಿಲ್ಲ, ಮತ್ತೆ ಬೋರಲು.

ಅತ್ತೆ ಓಡಿಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಮಲಗಿದ ನನ್ನ ಮೇಲಿಂದ ನಿವಾಳಿಸುತ್ತ "ನೆಟ್ಟಗ ಇದ್ದಾಕೀಗೆ ಹಿಂಗ ಆಗತೈತೇನ? ಇದು ದೃಷ್ಟಿನ ನೋಡು. ಯಾರ ಕಣ್ಣ ಬಿದ್ದಿರಬೇಕು ಬೇ?" ಎಂದು ಕೇಳಿದರು. ಒತ್ತಡವೆಂದರೇನು, ಚರ್ಮ ಕೆಂಪಾಗುವುದೇಕೆ ಎಂದು ಅಂದು ಬೆಳಿಗ್ಗೆಯಷ್ಟೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬಂದಿದ್ದ ವಿಜ್ಞಾನದ ಟೀಚರ್ ನಾನು. ದಿಂಬಿನಿಂದ ಮುಖ ಎತ್ತದೆ, ಒಂದು ಕೈಯನ್ನಷ್ಟೇ ಎತ್ತಿ ತಿಕೋಟಾದ ದಿಕ್ಕಿಗೆ ತೋರಿಸಿದೆ.